ಇಡ್ಲಿ ಬೇಯಿಸಿದವಳ ಹೆಸರಿನ ಮುಂದೆ ಏನು ಬರೆಯುತ್ತೀರಿ?

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಮಾಟುಂಗದಲ್ಲಿ ನಿಂತು ಇಡ್ಲಿಯ ಮಾತು ತೆಗೆದರೆ ನಿಮಗೆ ಹಸಿವಾದೀತು. ಊಟಕ್ಕೆ ಇನ್ನೂ ಹೊತ್ತಿದೆ, ಸ್ವಲ್ಪ ತಡೆದುಕೊಳ್ಳಿ.

2027ರ ಮಾರ್ಚ್ 1ಕ್ಕೆ ದೇಶದ ಜನರ ಲೆಕ್ಕ ತೆಗೆಯುತ್ತಾರೆ. 16 ವರ್ಷದ ಮೇಲೆ ಬರುತ್ತಿರುವ ಗಣತಿ ಇದು. ಮನೆ ಪಟ್ಟಿ ಮಾಡುವ ಸುತ್ತು ಬೇರೆ. ಯಾರು ಏನು ಕೆಲಸ ಮಾಡುತ್ತಾರೆ ಎಂದು ಕೇಳುವುದು ಫೆಬ್ರವರಿಯ ಸುತ್ತಿನಲ್ಲಿ. ಆ ಒಂದು ಪ್ರಶ್ನೆಗಾಗಿಯೇ ನಾನು ಇವತ್ತು ಬಂದದ್ದು.

2011ರ ಫೆಬ್ರವರಿಯಲ್ಲಿ ನಾನು ಗಣತಿದಾರಳಾಗಿದ್ದೆ. ಆಗ ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರ್. ಬೆಳಗ್ಗೆ ಪಾಠ, ಮಧ್ಯಾಹ್ನ ಹೆಗಲಿಗೆ ಚೀಲ ಹಾಕಿಕೊಂಡು ಮನೆ ಮನೆ. ಧಾರಾವಿಯ ಒಂದು ಗಲ್ಲಿಯಲ್ಲಿ ಕಲಬುರಗಿ ಕಡೆಯ ಒಂದು ಸಂಸಾರ. ಗಂಡ ಸೈಕಲ್ ಮೇಲೆ ಇಡ್ಲಿ ಮಾರುವವನು. ಅವನದು ಸುಲಭವಾಗಿ ಬರೆದೆ. ಹೆಂಡತಿಯದು ಕೇಳಿದೆ.

"ಆಕಿ ಏನ್ ಮಾಡ್ತಾಳ್ರೀ ಅಕ್ಕೋರ, ಮನ್ಯಾಗ ಇರ್ತಾಳ" ಅಂದ.

ಆಕೆಯನ್ನೇ ಕೇಳಿದೆ. "ಏನಿಲ್ಲ ಬಿಡ್ರಿ" ಅಂದಳು. ಹಾಗೆ ಅನ್ನುವಾಗ ಆಕೆಯ ಎರಡೂ ಕೈ ನೆನೆದ ಉದ್ದಿನ ಬೇಳೆಯ ಪಾತ್ರೆಯಲ್ಲಿದ್ದವು. ನಾನು 'ಕೆಲಸ ಮಾಡದವರು' ಎಂದು ಬರೆಯುವುದರಲ್ಲಿದ್ದೆ. ಅಷ್ಟರಲ್ಲಿ ಬಾಗಿಲ ಹತ್ತಿರ ಕೂತಿದ್ದ ಹುಡುಗಿ, ನನ್ನ ಐದನೇ ಕ್ಲಾಸಿನವಳೇ, "ಟೀಚರ್, ಅವ್ವ ರಾತ್ರಿ ಎರಡಕ್ಕ ಏಳ್ತಾಳ" ಅಂತು.

ಪೆನ್ನು ನಿಲ್ಲಿಸಿದೆ. ತರಬೇತಿಯಲ್ಲಿ ಹೇಳಿಕೊಟ್ಟಿದ್ದು ಆಗ ನೆನಪಿಗೆ ಬಂತು. ಸಂಬಳ ಸಿಗಲಿ ಬಿಡಲಿ, ಹೊಲದಲ್ಲೋ ಮನೆಯ ವ್ಯಾಪಾರದಲ್ಲೋ ದುಡಿದರೆ ಅದು ಕೆಲಸ. ಹಿಂದಿನ ಒಂದು ವರ್ಷದಲ್ಲಿ ಆರು ತಿಂಗಳು, ಅಂದರೆ 183 ದಿನ ಅಥವಾ ಅದಕ್ಕಿಂತ ಜಾಸ್ತಿ ದುಡಿದವರು ಮುಖ್ಯ ಕೆಲಸಗಾರರು. ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರರು. 2011ರಲ್ಲಿ ಈ ಎರಡನೆಯವರಲ್ಲೂ ಮೂರು ತಿಂಗಳಿಗಿಂತ ಕಡಿಮೆ ದುಡಿದವರನ್ನು ಬೇರೆ ಮಾಡಿದರು.

ಸರಿ, ಚಾಪೆ ಮೇಲೆ ಕೂತು ತಿಂಗಳು ಎಣಿಸಿದೆವು. ಮಳೆಗಾಲದಲ್ಲಿ ವ್ಯಾಪಾರ ಇರುತ್ತಾ? ಇರುತ್ತದೆ. ಊರಿಗೆ ಹೋಗಿದ್ರಾ? ಕಿರಿ ಮಗನ ಬಾಣಂತನಕ್ಕೆ ನಾಲ್ಕು ತಿಂಗಳು. ಉಳಿದದ್ದು ಎಂಟು. ಮುಖ್ಯ ಕೆಲಸಗಾರ್ತಿ ಎಂದು ಬರೆದೆ. ಯಾವ ಬಗೆಯ ಕೆಲಸಗಾರ್ತಿ ಎಂಬ ಕಡೆ, ಕುಟುಂಬದ ಉದ್ಯೋಗದಲ್ಲಿ ಸಂಬಳವಿಲ್ಲದೆ ದುಡಿಯುವವಳು ಎಂದು ಹಾಕಿದೆ. ಗಂಡ ಜಗಳವಾಡಲಿಲ್ಲ. "ಹೌದಲ್ರೀ, ಆಕಿ ರುಬ್ಬಲಿಲ್ಲಂದ್ರ ನಾ ಏನ್ ಮಾರ್ಲಿ" ಅಂದ. ಅವನು ಸುಳ್ಳು ಹೇಳಿದ್ದಲ್ಲ. ಅವನಿಗೆ ಯಾರೂ ಹಾಗೆ ಕೇಳಿರಲಿಲ್ಲ, ಅಷ್ಟೇ.

ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ. ಕೇಳಿದ ಹಾಗೆ ಲೆಕ್ಕ ಬರುತ್ತದೆ. 1961ರಲ್ಲಿ, ಹಂಗಾಮಿನ ಹೆಚ್ಚಿನ ಭಾಗ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ದುಡಿದರೂ ಕೆಲಸಗಾರರೆಂದು ಎಣಿಸಿದರು. 1971ರಲ್ಲಿ ಪ್ರಶ್ನೆ ಬದಲಾಯಿತು. 'ನಿಮ್ಮ ಮುಖ್ಯ ಚಟುವಟಿಕೆ ಏನು?' ಎಂದರು. ಹೆಂಗಸರು ಮನೆಗೆಲಸ ಅಂದರು. ಕೆಲಸ ಮಾಡುವ ಹೆಂಗಸರ ಸಂಖ್ಯೆ ಸುಮಾರು 5.9 ಕೋಟಿಯಿಂದ 3.1 ಕೋಟಿಗೆ ಬಿತ್ತು. ಹತ್ತು ವರ್ಷದಲ್ಲಿ ಅಷ್ಟು ಹೆಂಗಸರು ಕುಡುಗೋಲು ಕೆಳಗಿಟ್ಟು ಸುಮ್ನೆ ಕೂತರಾ? ಇಲ್ಲ ಅಲ್ವಾ. ಮುಖ್ಯ, ಅಲ್ಪಾವಧಿ ಎಂಬ ವಿಂಗಡಣೆ 1981ರಲ್ಲಿ ಬಂತು. ಸಂಬಳವಿಲ್ಲದ ದುಡಿಮೆಯೂ ಸೇರಿ ಎಂಬ ಮಾತು 1991ರಲ್ಲಿ ಪ್ರಶ್ನೆಯೊಳಗೇ ಬಂತು. ಅಷ್ಟಾದರೂ 2011ರಲ್ಲಿ ಕೆಲಸಗಾರರೆಂದು ಲೆಕ್ಕಕ್ಕೆ ಸಿಕ್ಕವರು ಗಂಡಸರಲ್ಲಿ 100ಕ್ಕೆ 53, ಹೆಂಗಸರಲ್ಲಿ 100ಕ್ಕೆ 25ಕ್ಕಿಂತ ಸ್ವಲ್ಪ ಜಾಸ್ತಿ.

ಮತ್ತೆ ಇಡ್ಲಿಗೆ ಬರುತ್ತೇನೆ. ಆಕೆ ಮಾರುವುದಕ್ಕೆ ಬೇಯಿಸಿದ ಇಡ್ಲಿ ಕೆಲಸ. ಕೊನೆಯ ಒಬ್ಬೆ ಮಕ್ಕಳಿಗೆ ಬೇಯಿಸಿದಳು, ಅದು ಕೆಲಸವಲ್ಲ. ಅದೇ ಹಿಟ್ಟು, ಅದೇ ಒಲೆ. ಹಾಲಿನದು ನೋಡಿ. 2001ರಿಂದ ಮನೆ ಬಳಕೆಗೆ ಎಮ್ಮೆ ಕರೆದರೂ ಅದು ಕೆಲಸವೇ. ಆದರೆ ಆ ಹಾಲು ಕಾಯಿಸಿ ಮಗುವಿಗೆ ಕುಡಿಸಿದ್ದು ಅಲ್ಲ. ಈ ಗೆರೆ ಎಲ್ಲಿ ಎಳೆಯಬೇಕು ಎಂದು ದೊಡ್ಡವರು ವಾದ ಮಾಡುತ್ತಲೇ ಇದ್ದಾರೆ. ಗೆರೆಯ ಒಳಗೆ ಇನ್ನಷ್ಟು ದುಡಿಮೆ ಸೇರಬೇಕು ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಈಗಿರುವ ಗೆರೆಯ ಒಳಗೇ ಇರುವ ಹೆಂಗಸರನ್ನು ನಾವು ಹೊರಗೆ ಬಿಡುತ್ತಿದ್ದೇವಲ್ಲ, ಸಂಕಟ ಅದು.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಅಂತ. ಹೋಟೆಲ್‌ಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹುಡುಗರ ಬಗ್ಗೆ ಹೇಳಬೇಕೆಂದಿದ್ದೆ. ಒಂದೇ ಮಾತು: ಓದುತ್ತಿದ್ದರೂ ದುಡಿದರೆ ಗಣತಿಗೆ ಅವನು ಕೆಲಸಗಾರ. ನಿರುದ್ಯೋಗದ ಪ್ರಮಾಣ ಬೇಕಾದರೆ 2017ರಿಂದ ನಡೆಯುತ್ತಿರುವ ಕಾರ್ಮಿಕ ಸಮೀಕ್ಷೆ ಬೇರೆ ಇದೆ. ಅದು ಆಯ್ದ ಮನೆಗಳಿಗೆ ಮಾತ್ರ ಹೋಗುತ್ತದೆ. ಗಣತಿ ಪ್ರತಿ ಗಲ್ಲಿಗೂ ಬರುತ್ತದೆ. ಬೀಡಿ ಕಟ್ಟುವವರ ವಿಷಯ ಬಿಟ್ಟೆ.

ಇದೊಂದು ಹೇಳಲೇಬೇಕು. ಈ ಸಲ ಬೇಕಾದವರು ಆನ್‌ಲೈನ್‌ನಲ್ಲಿ ತಾವೇ ತುಂಬಬಹುದು. ಒಳ್ಳೆಯದೇ. ಆದರೆ ಫೋನ್ ಯಾರ ಕೈಯಲ್ಲಿರುತ್ತದೆ? ಮಗನ ಕೈಯಲ್ಲಿ, ಗಂಡನ ಕೈಯಲ್ಲಿ. ಚಾಪೆ ಮೇಲೆ ಕೂತು ತಿಂಗಳು ಎಣಿಸುವ ಟೀಚರ್ ಅಲ್ಲಿ ಇರುವುದಿಲ್ಲ. ಬಾಗಿಲ ಹತ್ತಿರ ಆ ಹುಡುಗಿ ಇರಬಹುದು, ಇಲ್ಲದೆಯೂ ಇರಬಹುದು. ಅದಕ್ಕೇ ಕೇಳಿಕೊಳ್ಳುತ್ತೇನೆ. ಭಾಂಡುಪ್‌ನಲ್ಲಿ ಹಪ್ಪಳ ಲಟ್ಟಿಸಿ ಕೊಡುವ ಅಕ್ಕ, ಡೊಂಬಿವಲಿಯಲ್ಲಿ ಸೀರೆಗೆ ಫಾಲ್ ಹಚ್ಚುವ ಅತ್ತಿಗೆ, ಮಾವನ ಅಂಗಡಿಯಲ್ಲಿ ಮಧ್ಯಾಹ್ನ ಗಲ್ಲಾದ ಮೇಲೆ ಕೂರುವ ಸೊಸೆ, ನಿಮ್ಮ ಹೆಸರಿನ ಸಾಲು ಬಂದಾಗ ಫೋನ್ ನೀವೇ ಇಸಿದುಕೊಳ್ಳಿ. ಹೋದ ವರ್ಷದ ತಿಂಗಳುಗಳನ್ನು ಬೆರಳು ಮಡಚಿ ಎಣಿಸಿ. ಆಮೇಲೆ ತುಂಬಿ.

ಆ ಹುಡುಗಿ ಆವತ್ತು ನನ್ನನ್ನು ಗಲ್ಲಿಯ ತಿರುವಿನವರೆಗೂ ಕಳಿಸಲು ಬಂದಿದ್ದಳು. "ಟೀಚರ್, ಅವ್ವನ ಹೆಸರು ಸರಿ ಬರದ್ರಿಲ್ಲ?" ಎಂದು ಕೇಳಿದಳು. ಫಾರಂ ತೆಗೆದು ಆ ಸಾಲು ತೋರಿಸಿದೆ. ಅವಳು ಬೆರಳಿಟ್ಟು ಓದಿಕೊಂಡಳು.