ಏಳು ರಾಬರ್ಟ್‌ಗಳ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆ. ಇಂಗ್ಲೆಂಡಿನ ಲ್ಯಾಂಕಾಶೈರ್ ಕಡೆಯ ಪೀಲ್ ಮನೆತನದವರು ಅಷ್ಟು ಕಾಯಲೇ ಇಲ್ಲ. ಅಪ್ಪನ ಹೆಸರನ್ನೇ ಮಗನಿಗೆ ಇಟ್ಟರು. ಹಾಗಾಗಿ ಸಾಲಾಗಿ ಏಳು ತಲೆಮಾರು, ಏಳು ಜನ ರಾಬರ್ಟ್ ಪೀಲ್. ಅವರಲ್ಲಿ ಮೂರನೆಯವರು ಎರಡು ಸಲ ಬ್ರಿಟನ್ನಿನ ಪ್ರಧಾನಿಯಾದರು. ಇವತ್ತಿನ ಮಾತು ಮುಖ್ಯವಾಗಿ ಅವರದ್ದೇ. ಆದರೆ ಅಜ್ಜ, ಅಪ್ಪನನ್ನು ಬಿಟ್ಟು ಅವರ ಕತೆ ಹೇಳುವಂತಿಲ್ಲ.

ಅಜ್ಜ ಬ್ಲ್ಯಾಕ್‌ಬರ್ನ್ ಊರಿನ ಹತ್ತಿರದ ರೈತರು. ಬೇಸಾಯದ ಜೊತೆಗೆ ಬಟ್ಟೆಗೆ ಅಚ್ಚು ಹಾಕುವ ಕೆಲಸಕ್ಕೆ ಇಳಿದರು. ಆ ಕಾಲದಲ್ಲಿ ಭಾರತದಿಂದ ಹೋಗುತ್ತಿದ್ದ ಹೂವಿನ ಅಚ್ಚಿನ ಹತ್ತಿಬಟ್ಟೆಗೆ ಇಂಗ್ಲೆಂಡಿನಲ್ಲಿ ಎಲ್ಲಿಲ್ಲದ ಬೇಡಿಕೆ. ಅಲ್ಲಿನ ನೇಕಾರರು ಗಲಾಟೆ ಮಾಡಿ, ಪಾರ್ಲಿಮೆಂಟಿನಿಂದ ಅದರ ಮೇಲೆ ನಿಷೇಧವನ್ನೇ ಹಾಕಿಸಿದ್ದರು. ಬೇಡಿಕೆ ಮಾತ್ರ ಹೋಗಲಿಲ್ಲ. ಅಂಥ ಬಟ್ಟೆಯನ್ನು ತಾವೇ ಮಾಡಬಹುದಲ್ಲ ಎಂದು ಹೊರಟವರಲ್ಲಿ ಈ ಅಜ್ಜನೂ ಒಬ್ಬರು.

ಅವರ ಬಗ್ಗೆ ಒಂದು ಕತೆ ಓಡಾಡುತ್ತದೆ. ಒಂದು ದಿನ ಮಗಳು ಹಿತ್ತಲಿಂದ ಪಾರ್ಸ್ಲಿ ಸೊಪ್ಪಿನ ಒಂದು ಕಡ್ಡಿ ಕಿತ್ತುಕೊಂಡು ಬಂದಳಂತೆ. ಪಾರ್ಸ್ಲಿ ಎಂದರೆ ನಮ್ಮ ಕೊತ್ತಂಬರಿ ಸೊಪ್ಪಿನ ಹಾಗೆ ಕಾಣುವ ಸೊಪ್ಪು. ಅಜ್ಜ ಊಟದ ತವರದ ತಟ್ಟೆಯ ಹಿಂಬದಿಗೆ ಆ ಎಲೆಯನ್ನು ಕೊರೆದರು. ಗೆರೆಗಳೊಳಗೆ ಬಣ್ಣ ತುಂಬಿದರು. ಮೇಲೆ ಬಟ್ಟೆ ಹಾಸಿ ಒತ್ತಿದರು. ಎಲೆ ಹಾಗೇ ಬಟ್ಟೆಗೆ ಇಳಿಯಿತು. ಕತೆಗೆ ಉಪ್ಪುಖಾರ ಎಷ್ಟು ಸೇರಿದೆಯೋ, ಪಾರ್ಸ್ಲಿ ಎಲೆಯ ಅಚ್ಚು ಮಾತ್ರ ನಿಜ. ಅದು ಎಷ್ಟು ಮಾರಾಟವಾಯಿತೆಂದರೆ ಊರವರು ಅವರನ್ನು 'ಪಾರ್ಸ್ಲಿ ಪೀಲ್' ಎಂದೇ ಕರೆದರು. 1779ರಲ್ಲಿ, ಯಂತ್ರದಿಂದ ಕೂಲಿ ಹೋಗುತ್ತದೆ ಎಂದು ಸಿಟ್ಟಾದ ಜನ ನುಗ್ಗಿ ಅವರ ಯಂತ್ರಗಳನ್ನು ಪುಡಿ ಮಾಡಿದರು. ಅಜ್ಜ ಗಂಟುಮೂಟೆ ಕಟ್ಟಿಕೊಂಡು ಬರ್ಟನ್ ಊರಿಗೆ ಹೋಗಿ ಹೊಸ ಗಿರಣಿ ಹಾಕಿದರು.

ಅಪ್ಪ ಇನ್ನೂ ಗಟ್ಟಿಗರು. ಬ್ಯೂರಿ ಪಟ್ಟಣದಲ್ಲಿ ಪಾಲುದಾರಿಕೆಯ ವ್ಯಾಪಾರ, ಪಾಲುದಾರರ ಮಗಳು ಎಲೆನ್ ಯೇಟ್ಸ್ ಜೊತೆ ಮದುವೆ. ವ್ಯಾಪಾರ ಬೆಳೆಯುತ್ತಾ ಹೋಗಿ ಸುಮಾರು 15,000 ಜನ ಅವರ ಕೈಕೆಳಗೆ ದುಡಿಯುವಂತಾಯಿತು. ಆ ದುಡಿಯುವವರಲ್ಲಿ ಅನಾಥ ಮಕ್ಕಳೂ ಇದ್ದರು. 1784ರಲ್ಲಿ ರ್‍ಯಾಡ್‌ಕ್ಲಿಫ್‌ನ ಅವರ ಗಿರಣಿಯಲ್ಲಿ ಜ್ವರ ಹರಡಿ, ವೈದ್ಯರು ಬಂದು ತನಿಖೆ ಮಾಡಬೇಕಾಯಿತು. 1802ರಲ್ಲಿ, ಗಿರಣಿಯ ಮಕ್ಕಳಿಂದ ದಿನಕ್ಕೆ 12 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸಬಾರದು, ಓದು ಕಲಿಸಬೇಕು ಎಂಬ ಕಾನೂನು ತಂದವರೂ ಇವರೇ. ಹನ್ನೆರಡು ಗಂಟೆ! ಮಕ್ಕಳಿಗೆ! ಅದೇ ಆಗ ದೊಡ್ಡ ಸುಧಾರಣೆ. ಸಂಬಳದ ಇನ್‌ಸ್ಪೆಕ್ಟರುಗಳೂ ಇಲ್ಲದ ಕಾರಣ ಕಾನೂನು ಬಹುಪಾಲು ಕಾಗದದಲ್ಲೇ ಉಳಿಯಿತು.

ದುಡ್ಡು ಬಂತು, ಇನ್ನು ಮಾನ ಬೇಕು. ಸ್ಟಾಫರ್ಡ್‌ಶೈರ್‌ನಲ್ಲಿ ಡ್ರೇಟನ್ ಎಂಬ ಜಮೀನು ಕೊಂಡರು. 1790ರಲ್ಲಿ ಪಕ್ಕದ ಟ್ಯಾಮ್‌ವರ್ತ್‌ನಿಂದ ಪಾರ್ಲಿಮೆಂಟಿಗೆ ಹೋದರು. 1800ರಲ್ಲಿ ಬ್ಯಾರನೆಟ್ ಪದವಿ ಸಿಕ್ಕಿತು. ಬ್ಯಾರನೆಟ್ ಎಂದರೆ ಹೆಸರಿಗೆ ಮೊದಲು 'ಸರ್' ಬರುತ್ತದೆ, ಅಪ್ಪನ ನಂತರ ಅದು ಹಿರಿಯ ಮಗನಿಗೆ ಹೋಗುತ್ತದೆ. ಆದರೆ ಪಾರ್ಲಿಮೆಂಟಿನ ಮೇಲ್ಮನೆಯಾದ ಪ್ರಭುಗಳ ಸಭೆಯಲ್ಲಿ ಕುರ್ಚಿ ಸಿಗುವುದಿಲ್ಲ. ಹಾಗಾಗಿ ಕೆಳಮನೆಯಾದ ಕಾಮನ್ಸ್ ಸಭೆಯ ಚುನಾವಣೆಗೆ ನಿಲ್ಲಬಹುದು. ಪೀಲ್ ಮನೆತನಕ್ಕೆ ಇದು ಹೇಳಿ ಮಾಡಿಸಿದ ಪದವಿ.

ಈಗ ನಮ್ಮ ಕಥಾನಾಯಕರು. ಹುಟ್ಟಿದ್ದು 1788ರ ಫೆಬ್ರವರಿ 5ರಂದು, ಬ್ಯೂರಿಯಲ್ಲಿ. ಹ್ಯಾರೋ ಶಾಲೆ, ಆಮೇಲೆ ಆಕ್ಸ್‌ಫರ್ಡ್. ಅಲ್ಲಿ ಗ್ರೀಕ್-ಲ್ಯಾಟಿನ್‌ನಲ್ಲೂ ಗಣಿತದಲ್ಲೂ ಪ್ರಥಮ ದರ್ಜೆ. 21 ತುಂಬಿದ ಕೂಡಲೇ ಅಪ್ಪ ದುಡ್ಡು ಬಿಚ್ಚಿ ಐರ್ಲೆಂಡಿನ ಕ್ಯಾಶೆಲ್ ಎಂಬ ಊರಿನ ಸೀಟು ಕೊಡಿಸಿದರು. ಅಲ್ಲಿದ್ದ ಮತದಾರರು ಬೆರಳೆಣಿಕೆಯಷ್ಟು. ಪ್ರಚಾರದ ಗೋಜೇ ಇಲ್ಲ.

ಆದರೆ ದುಡ್ಡು ಕೊಟ್ಟ ಮಾತ್ರಕ್ಕೆ ಮಗ ಅಪ್ಪನ ಮಾತು ಕೇಳಬೇಕಲ್ಲ? 1819ರ ಪ್ರಸಂಗ ಇದೆ. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಬದಲಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿತ್ತು. ಮತ್ತೆ ಕೊಡಬೇಕು ಎಂದು ಮಗನ ನೇತೃತ್ವದ ಸಮಿತಿ ಹೇಳಿತು. ಬೇಡ, ವ್ಯಾಪಾರ ಮುಳುಗುತ್ತದೆ ಎಂದು ವ್ಯಾಪಾರಿಗಳ ಮನವಿ ಹಿಡಿದು ಅದೇ ಸಭೆಯಲ್ಲಿ ಎದ್ದು ನಿಂತವರು ಅಪ್ಪ! ಅಪ್ಪ ಮಾತಾಡಿ ಕೂತರು. ಮಗ ಎದ್ದು ಗೌರವದಿಂದಲೇ ಒಪ್ಪುವುದಿಲ್ಲ ಎಂದರು. ಗೆದ್ದದ್ದು ಮಗ. ಬಂದ ಬುಡಕ್ಕೇ ಎದುರು ಹೋಗುವ ಈ ಗುಣ ಕೊನೆತನಕ ಹೋಗಲಿಲ್ಲ. ನನ್ನ ಮಟ್ಟಿಗೆ ಅವರ ಇಡೀ ಬದುಕಿನ ಎಳೆ ಇದೇ.

ಮರು ವರ್ಷ ಮದುವೆ. ಹುಡುಗಿ ಜೂಲಿಯಾ ಫ್ಲಾಯ್ಡ್. ಇಲ್ಲಿ ನಮ್ಮ ನಾಡಿನ ನಂಟು ಬರುತ್ತದೆ. ಅವರ ತಂದೆ ಜನರಲ್ ಜಾನ್ ಫ್ಲಾಯ್ಡ್ ಟಿಪ್ಪು ಸುಲ್ತಾನನ ವಿರುದ್ಧ ಕಂಪನಿಯ ಕುದುರೆ ದಳ ನಡೆಸಿದವರು. 1790ರಲ್ಲಿ ಸತ್ಯಮಂಗಲದ ಬಳಿ ಟಿಪ್ಪುವಿನ ಕೈಯಲ್ಲಿ ಸಿಕ್ಕಿಬೀಳುವುದರಲ್ಲಿದ್ದರು. ಮರು ವರ್ಷ ಬೆಂಗಳೂರಿನ ಹೊರಗೆ ಮುಖಕ್ಕೆ ಗುಂಡು ತಾಗಿತು. ಆದರೂ ಬದುಕಿ, 1799ರಲ್ಲಿ ಮಳವಳ್ಳಿಯ ಕದನದಲ್ಲೂ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇದ್ದರು. ಹಾಗೆ ನೋಡಿದರೆ ಪೀಲರ ಮಾವ ನಮ್ಮ ಊರಿನ ಮಣ್ಣು ತುಳಿದವರೇ.

ಗೃಹಮಂತ್ರಿಯಾಗಿ ಪೀಲ್ 1829ರಲ್ಲಿ ಲಂಡನ್ ಪೊಲೀಸ್ ಪಡೆ ಕಟ್ಟಿದ್ದನ್ನು ಹಲವರು ಬಲ್ಲರು. ಮಿಲಿಟರಿಯ ಕೆಂಪು ಬಣ್ಣ ಬೇಡ ಎಂದು ನೀಲಿ ಕೋಟು, ಕೈಗೆ ಬಂದೂಕಿಲ್ಲ, ಸುಮ್ನೆ ಒಂದು ದೊಣ್ಣೆ. ರಾಬರ್ಟನ ಮುದ್ದು ಹೆಸರಿನಿಂದ ಅಲ್ಲಿನ ಪೊಲೀಸರು 'ಬಾಬಿ'ಗಳಾದರು. ಅದೇ ವರ್ಷ, ತಾವು ವರ್ಷಗಟ್ಟಲೆ ವಿರೋಧಿಸಿದ್ದ, ಕ್ಯಾಥೊಲಿಕರು ಪಾರ್ಲಿಮೆಂಟಿಗೆ ಬರುವ ಹಕ್ಕನ್ನು ತಾವೇ ಮುಂದೆ ನಿಂತು ಕೊಡಿಸಿದರು. ಆಕ್ಸ್‌ಫರ್ಡ್ ಆಗ ಅವರ ಕ್ಷೇತ್ರ. ಅಲ್ಲಿನ ಮತದಾರರು ಸಿಟ್ಟಾಗಿ ಸೋಲಿಸಿದರು. 1830ರಲ್ಲಿ ಅಪ್ಪ ತೀರಿಕೊಂಡರು, ಮಗ ಎರಡನೇ ಬ್ಯಾರನೆಟ್ ಆದರು.

ಪ್ರಧಾನಿಯಾಗಿದ್ದಾಗ, 1843ರ ಜನವರಿಯಲ್ಲಿ, ಡೇನಿಯಲ್ ಮೆಕ್‌ನಾಟನ್ ಎಂಬವನು ಪೀಲ್ ಎಂದು ತಿಳಿದು ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಬೆನ್ನ ಹಿಂದಿನಿಂದ ಗುಂಡು ಹೊಡೆದ. ಡ್ರಮಂಡ್ ಐದು ದಿನಗಳಲ್ಲಿ ಸತ್ತರು. ಕೊಂದವನಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ಹಾಗಾಗಿ ಅಪರಾಧಿಯಲ್ಲ ಎಂದು ಕೋರ್ಟು ಹೇಳಿತು. ಆಮೇಲೆ ನ್ಯಾಯಾಧೀಶರು ಬರೆದ ನಿಯಮಗಳೇ ನಮ್ಮಲ್ಲಿ 2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯ, ಬುದ್ಧಿ ಸ್ವಾಧೀನದಲ್ಲಿಲ್ಲದವರ ಕುರಿತ 84ನೇ ಕಲಮಿಗೂ ಆಧಾರವಾದವು.

ಇನ್ನು 1846. ಹೊರದೇಶದ ಧಾನ್ಯಕ್ಕೆ ಸುಂಕ ಹಾಕಿ ಜಮೀನ್ದಾರರನ್ನು ಕಾಪಾಡುತ್ತಿದ್ದ ಕಾನೂನು ಇತ್ತು. ರೊಟ್ಟಿ ತುಟ್ಟಿ, ಬಡವರಿಗೆ ಹೊಡೆತ. ಪೀಲರ ಪಕ್ಷವೆಂದರೆ ಜಮೀನ್ದಾರರ ಪಕ್ಷವೇ. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಹೋದಾಗ, ಪೀಲ್ ಆ ಕಾನೂನನ್ನೇ ಕಿತ್ತುಹಾಕಲು ಹೊರಟರು. ಅದರಿಂದ ಐರ್ಲೆಂಡಿನ ಹಸಿವೇನೂ ನೀಗಲಿಲ್ಲ, ಆ ಮಾತು ಬೇರೆ. ಪಕ್ಷದ ಸುಮಾರು ಮೂರನೇ ಎರಡರಷ್ಟು ಜನ ಅವರಿಗೆ ತಿರುಗಿಬಿದ್ದರು. ವಿರೋಧ ಪಕ್ಷದವರ ಮತದಿಂದ ಮಸೂದೆ ಗೆದ್ದಿತು. ಜೂನ್ 25ರಂದು ಪ್ರಭುಗಳ ಸಭೆ ಅದನ್ನು ಒಪ್ಪಿತು. ಅದೇ ರಾತ್ರಿ ಕಾಮನ್ಸ್‌ನಲ್ಲಿ ಇನ್ನೊಂದು ಮಸೂದೆಯ ಮೇಲೆ ಸ್ವಂತ ಪಕ್ಷದವರೇ ಸೇಡು ತೀರಿಸಿಕೊಂಡು ಸರ್ಕಾರ ಬೀಳಿಸಿದರು. ಹೋಗುವಾಗ ಪೀಲ್ ಹೇಳಿದ್ದು ಇಷ್ಟು: ಬೆವರು ಸುರಿಸಿ ದುಡಿಯುವವರ ಮನೆಗಳಲ್ಲಿ ನನ್ನ ಹೆಸರನ್ನು ಒಳ್ಳೆಯ ಮಾತಿನಿಂದ ನೆನೆಯಬಹುದು.

ನಾಲ್ಕು ವರ್ಷದ ನಂತರ, 1850ರ ಜೂನ್ 29ರಂದು, ಲಂಡನ್ನಿನಲ್ಲಿ ಕುದುರೆ ಅವರನ್ನು ಎತ್ತಿ ಕೆಡವಿತು. ಜುಲೈ 2ರಂದು ತೀರಿಕೊಂಡರು. ನನ್ನ ಸೇವೆಗೆಂದು ಮನೆಯವರು ಯಾವ ಬಿರುದನ್ನೂ ತಗೊಳ್ಳಬಾರದು ಎಂದು ಮೊದಲೇ ಹೇಳಿಟ್ಟಿದ್ದರು. ರಾಣಿ ವಿಕ್ಟೋರಿಯಾ ಕೊಡಲು ಬಂದ ಪದವಿಯನ್ನು ಜೂಲಿಯಾ ಬೇಡ ಎಂದರು.

ಆಮೇಲಿನ ರಾಬರ್ಟ್‌ಗಳ ಕತೆ ಬೇಗ ಮುಗಿಯುತ್ತದೆ. ನಾಲ್ಕನೆಯವರು, ಅಂದರೆ ಮೂರನೇ ಬ್ಯಾರನೆಟ್, ಅಪ್ಪ ಕೂಡಿಟ್ಟಿದ್ದ ಚಿತ್ರಗಳನ್ನು 1871ರಲ್ಲಿ 75,000 ಪೌಂಡಿಗೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಮಾರಿದರು. ಅವರ ಮಗ ಜೂಜಿನಲ್ಲಿ ಕಳೆದರು. ಮೊಮ್ಮಗ ಹಾಸ್ಯನಟಿ ಬಿಯಾಟ್ರಿಸ್ ಲಿಲ್ಲಿಯನ್ನು ಮದುವೆಯಾದರು. ಡ್ರೇಟನ್ ಬಂಗಲೆಯನ್ನು ಕೆಡವಿದರು, ಈಗ ಅಲ್ಲಿ ಮಕ್ಕಳು ಕಿರುಚಾಡುವ ಥೀಮ್ ಪಾರ್ಕ್ ಇದೆ. ಏಳನೇ ರಾಬರ್ಟ್ ನೌಕಾಪಡೆ ಸೇರಿ, 1942ರ ಏಪ್ರಿಲ್‌ನಲ್ಲಿ ಜಪಾನೀಯರು ಕೊಲಂಬೊ ಬಂದರಿನ ಮೇಲೆ ಬಾಂಬು ಹಾಕಿದಾಗ 21ನೇ ವಯಸ್ಸಿಗೆ ಸತ್ತರು.

ಪ್ರಧಾನಿ ಪೀಲರ ಕಿರಿಯ ಗಂಡುಮಕ್ಕಳ ದಾರಿ ಬೇರೆ. ವಿಲಿಯಂ ವಿಕ್ಟೋರಿಯಾ ಕ್ರಾಸ್ ಪಡೆದ ನೌಕಾಧಿಕಾರಿ. 1858ರಲ್ಲಿ ಕಾನ್ಪುರದಲ್ಲಿ ಸಿಡುಬಿನಿಂದ ತೀರಿಕೊಂಡರು. ಆರ್ಥರ್ ಕಾಮನ್ಸ್ ಸಭೆಯ ಸ್ಪೀಕರ್ ಆಗಿ, ತಮ್ಮ ಸ್ವಂತ ಕೆಲಸಕ್ಕೆ ವೈಕೌಂಟ್ ಪದವಿ ಪಡೆದರು. ಅವರ ಮಗ ಅರ್ಲ್ ಪೀಲ್ ಎರಡು ಸಲ ಬ್ರಿಟಿಷ್ ಸರ್ಕಾರದಲ್ಲಿ ಭಾರತದ ಮಂತ್ರಿಯಾಗಿದ್ದರು. ಹಳೆಯ ಬ್ಯಾರನೆಟ್ ಪದವಿ 1942ರಲ್ಲಿ ಸೇರಿದ್ದು ಇದೇ ಕವಲಿಗೆ, ಈಗಲೂ ಅಲ್ಲೇ ಇದೆ.

ನಮಸ್ಕಾರ.