ಚಂದ್ರಿಕೆಯ ಸುರುಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ರೇಡಿಯೋದಲ್ಲಿ ಚಿತ್ರ ತೋರಿಸಲು ಆಗುವುದಿಲ್ಲ, ಅಲ್ವಾ? ಹಾಗಾಗಿ ನಾನು ಈಗ ಮಾಡುತ್ತಿರುವ ಒಂದು ಚಿತ್ರವನ್ನು ಮಾತಿನಲ್ಲೇ ನಿಮ್ಮ ಮುಂದೆ ಇಡುತ್ತೇನೆ. ಆರಡಿ ಉದ್ದ, ನಾಲ್ಕಡಿ ಅಗಲದ ಹಲಗೆ. ಅದಕ್ಕೆ ಹತ್ತಿಬಟ್ಟೆ ಅಂಟಿಸಿದ್ದೇನೆ. ಬಟ್ಟೆಯ ಮೇಲೆ ಕೆಮ್ಮಣ್ಣಿನ ತೆಳುವಾದ ಬಳಿತ. ಅದರ ಮೇಲೆ ಬಿದಿರಿನ ಸೀಳಿನಲ್ಲಿ ಹೆಣೆದ ಪಟ್ಟಿ. ಆ ಪಟ್ಟಿ ನಡುವಿನಿಂದ ಹೊರಟು, ಸುತ್ತಿ ಸುತ್ತಿ ಅಂಚಿಗೆ ಬರುತ್ತದೆ. ಸುರುಳಿಯ ಸಂದಿಯಲ್ಲಿ ಅಲ್ಲಲ್ಲಿ ರೇಷ್ಮೆಗೂಡು, ಬಣ್ಣ, ಒಂದೆರಡು ಕಡೆ ಚಿನ್ನದ ರೇಕು.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಚಂದ್ರಿಕೆ ಅಂತ ಗೊತ್ತಾಗಿಬಿಡುತ್ತದೆ. ಹಣ್ಣಾದ ರೇಷ್ಮೆಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು.

ನಾನು ಹುಟ್ಟಿದ್ದು ಮಳವಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮ ಮನೆಯಲ್ಲಿ ಹುಳಕ್ಕೇ ಜಾಗ ಜಾಸ್ತಿ. ನಡುಮನೆ ತುಂಬ ತಟ್ಟೆ ಜೋಡಿಸಿದ ಮೇಲೆ ಮಕ್ಕಳು ನಾವು ಜಗುಲಿಯಲ್ಲಿ ಮಲಗುತ್ತಿದ್ದೆವು. ರಾತ್ರಿ ಹುಳ ಸೊಪ್ಪು ಮೇಯುವ ಸದ್ದು ಹಂಚಿನ ಮೇಲೆ ತುಂತುರು ಬಿದ್ದಂತೆ ಕೇಳುತ್ತಿತ್ತು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಅಂತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕು ಜ್ವರ ಎದ್ದು ಮತ್ತೆ ಒಂದು ವಾರ ಮೇದರೆ ಹುಳ ಹಣ್ಣಾಗುತ್ತದೆ. ಆಗ ಮೇವು ಬಿಡುತ್ತದೆ. ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ. ಮೈ ತಿಳಿಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಂತಾಗುತ್ತದೆ.

ಅದನ್ನು ಆರಿಸುವುದು ಅವ್ವನ ಕೆಲಸ. ಸಾವಿರಾರು ಹುಳದ ನಡುವೆ ಯಾವುದು ಹಣ್ಣು, ಯಾವುದು ಇನ್ನೂ ಅರ್ಧ ದಿನ ಮೇಯಬೇಕು ಅಂತ ಅವಳಿಗೆ ಬಣ್ಣ ನೋಡಿದರೇ ತಿಳಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತು ಕಲಿತೆ. ಹಳದಿಯಲ್ಲಿ ಎಷ್ಟು ಬಗೆ ಇದೆ ಅನ್ನುವುದನ್ನು ನನಗೆ ಕಲಿಸಿದ್ದು ಅವ್ವ. ಅವಳು ಕುಂಚ ಹಿಡಿದವಳೇ ಅಲ್ಲ.

ಮುಂದೆ ಚಿತ್ರಕಲೆ ಕಲಿಯಲು ಮೈಸೂರಿಗೆ ಬಂದೆ. ಮಿಶ್ರ ಮಾಧ್ಯಮ ಅನ್ನುವ ಮಾತು ಕಿವಿಗೆ ಬಿದ್ದದ್ದು ಅಲ್ಲೇ. ಬಣ್ಣದ ಜೊತೆ ಬೇರೆ ಬೇರೆ ವಸ್ತುಗಳನ್ನೂ ಸೇರಿಸಿ ಚಿತ್ರ ಮಾಡುವುದಕ್ಕೆ ಹಾಗಂತಾರೆ. 1912ರಲ್ಲಿ ಪಿಕಾಸೊ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯನ್ನು ಕ್ಯಾನ್ವಾಸಿಗೆ ಅಂಟಿಸಿ, ಸುತ್ತ ಹಗ್ಗ ಕಟ್ಟಿದ ಕತೆ ಕೇಳಿದೆ. ಮನೆಯಲ್ಲಿ ಬಳಸುವ ವಸ್ತುವೂ ಚಿತ್ರದೊಳಗೆ ಬರಬಹುದು! ನನಗೆ ಮೈ ಜುಮ್ಮೆಂದಿತು. ಊರಿಗೆ ಹೋಗಿ ಒಂದು ಚೀಲ ಹಸಿ ಗೂಡು ತಂದೆ. ದೊಡ್ಡ ಕ್ಯಾನ್ವಾಸಿನ ಮೇಲೆ ಸಾಲಾಗಿ ಅಂಟಿಸಿದೆ. ನಮ್ಮ ಊರನ್ನೇ ಚಿತ್ರಕ್ಕೆ ತಂದೆ ಅಂತ ಹಿಗ್ಗಿದೆ.

ಹತ್ತು ಹನ್ನೆರಡು ದಿನ ಆಗಿರಬೇಕು. ಬೆಳಗ್ಗೆ ಬಾಗಿಲು ತೆರೆದರೆ ಕ್ಯಾನ್ವಾಸಿನ ತುಂಬ ಚಿಟ್ಟೆಗಳು. ಗೂಡು ತೂತು ಮಾಡಿಕೊಂಡು ಹೊರಬಂದಿದ್ದವು. ಹಾರಲು ಬಾರದೆ ರೆಕ್ಕೆ ಬಡಿಯುತ್ತಿದ್ದವು. ಬಣ್ಣದ ಮೇಲೆಲ್ಲ ಕಂದು ಕಲೆ. ಗೂಡಿಗೆ ಬಿಸಿ ತಾಗಿಸಿ ಒಣಗಿಸದೆ ಇಟ್ಟರೆ ಹೀಗೇ ಆಗುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಏಳು ವರ್ಷದ ಮಗುವಿದ್ದಾಗಲೇ ಗೊತ್ತಿತ್ತು. ಕಲಾವಿದೆ ಆಗುವ ಆತುರದಲ್ಲಿ ರೈತನ ಮಗಳಿಗೆ ಗೊತ್ತಿದ್ದದ್ದನ್ನು ಮರೆತಿದ್ದೆ. ಗೂಡನ್ನು ನಾನು ಸುಮ್ನೆ ಗುರುತಿನ ಚೀಟಿಯ ಹಾಗೆ ಅಂಟಿಸಿದ್ದೆ. ಅದರೊಳಗೆ ಜೀವ ಇದೆ ಅನ್ನುವುದು ನೆನಪಾಗಲಿಲ್ಲ. ಆ ದಿನ ತುಂಬ ಅತ್ತೆ.

ಪರಂಪರೆ ಅಂದ ಕೂಡಲೇ ನವಿಲು, ಕಮಲ, ಅಂಬಾರಿ ಬರೆದರೆ ಆಯ್ತು ಅನ್ನುವವರಿದ್ದಾರೆ. ನಾನೂ ಆಗ ಅದನ್ನೇ ಮಾಡಿದ್ದೆ, ನವಿಲಿನ ಬದಲು ಗೂಡು ಇಟ್ಟಿದ್ದೆ ಅಷ್ಟೇ.

ಆಮೇಲೆ ಜಗನ್ಮೋಹನ ಅರಮನೆಗೆ ಹೋಗುವುದು ಜಾಸ್ತಿಯಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಆಸರೆಯಲ್ಲಿ ಬೆಳೆದ ನಮ್ಮ ಮೈಸೂರು ಶೈಲಿಯ ಚಿತ್ರಗಳನ್ನು ಹತ್ತಿರದಿಂದ ನೋಡಿದೆ. ದೇವರ ಕಿರೀಟ, ಒಡವೆ, ಸೀರೆಯ ಅಂಚು ನವಿರಾಗಿ ಉಬ್ಬಿರುತ್ತವೆ. ಅದು ಗೆಸ್ಸೋ ಕೆಲಸ. ಬಿಳಿ ಸೀಸದ ಪುಡಿ, ಮಕ್ಕಿ ಅನ್ನುವ ಹಳದಿ ಮರದಂಟು, ಗೋಂದು, ಈ ಮೂರನ್ನು ಅರೆದು, ಕುಂಚದ ತುದಿಯಿಂದ ಗೆರೆ ಎಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಮರ, ಬಟ್ಟೆ, ಕಾಗದ, ಅಂಟು, ಲೋಹ, ಬಣ್ಣ, ಎಲ್ಲ ಒಂದೇ ಹಲಗೆಯ ಮೇಲೆ. ನಮ್ಮ ಚಿತ್ರಗಾರರು ಇದಕ್ಕೆ ಮಿಶ್ರ ಮಾಧ್ಯಮ ಅಂತ ಹೆಸರಿಡಲಿಲ್ಲ.

ಮಕ್ಕಿಯನ್ನು ನೀರಲ್ಲಿ ತೇಯ್ದು ಬಿಳಿಯ ಮೇಲೆ ತೆಳುವಾಗಿ ಎಳೆದ ದಿನ ನನ್ನ ಕೈ ನಿಂತುಬಿಟ್ಟಿತು. ಅದು ಹಣ್ಣಾದ ಹುಳದ ಹಳದಿ. ಅಂಗಡಿಯ ಟ್ಯೂಬುಗಳಲ್ಲಿ ಎಷ್ಟು ಬೆರೆಸಿದರೂ ಸಿಗದೆ ಇದ್ದದ್ದು. ಅರಮನೆಯ ಬಣ್ಣವೂ ಅವ್ವನ ತಟ್ಟೆಯ ಬಣ್ಣವೂ ಒಂದೇ ಹಲಗೆಗೆ ಬಂದವು. ಸೀಸ ವಿಷ, ಹಾಗಾಗಿ ನಾನು ಸತುವಿನ ಬಿಳಿ ಬಳಸುತ್ತೇನೆ. ಮಕ್ಕಿಯನ್ನು ಮಾತ್ರ ಬಿಟ್ಟಿಲ್ಲ.

ಕೆ. ವೆಂಕಟಪ್ಪನವರ ಹೆಸರು ಇಲ್ಲಿ ಹೇಳಲೇಬೇಕು. 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ಕಲ್ಕತ್ತೆಗೆ ಹೋಗಿ ಬಂಗಾಳದ ಚಿತ್ರಕಾರ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತರು. ಊಟಿಯ ಬೆಟ್ಟ, ಮಂಜನ್ನು ಜಲವರ್ಣದಲ್ಲಿ ಬರೆದರು. ಅದೇ ಕೈ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿತು. ಆ ಶಿಲ್ಪಗಳ ಮುಂದೆ ನಿಂತಾಗ ನನಗೆ ಚಿತ್ರಗಾರರ ಮನೆಯ ಗೆಸ್ಸೋ ನೆನಪಾಗುತ್ತದೆ. ಮಟ್ಟಸವಾದ ಮೇಲ್ಮೈಯಿಂದ ಒಂದು ಗೆರೆಯನ್ನು ಎಷ್ಟು ಎಬ್ಬಿಸಬೇಕು ಅನ್ನುವ ಅಂದಾಜು ಅವರಿಗೆ ಮನೆಯಲ್ಲೇ ಸಿಕ್ಕಿರಬೇಕು ಅಂತ ನಾನು ನಂಬಿದ್ದೇನೆ. ಕಲ್ಕತ್ತೆ ಅದನ್ನು ಅಳಿಸಲಿಲ್ಲ.

ಕಳೆದ ತಿಂಗಳು ಅವ್ವ ಮೈಸೂರಿಗೆ ಬಂದಿದ್ದಳು. ನನ್ನ ಕೆಲಸದ ಕೋಣೆಗೆ ಬಂದು ಈ ಚಿತ್ರದ ಮುಂದೆ ಕೂತಳು. ಚಿನ್ನದ ರೇಕನ್ನು ನೋಡಲಿಲ್ಲ. ಬಣ್ಣದ ಬಗ್ಗೆಯೂ ಏನೂ ಹೇಳಲಿಲ್ಲ. ಬಿದಿರಿನ ಸುರುಳಿಯ ಸಂದಿಯಲ್ಲಿ ಬೆರಳಿಟ್ಟು ಒಂದು ಸುತ್ತು ಪೂರ್ತಿ ಹೋದಳು. ಒಂದು ಕಡೆ ನಿಂತಳು.

"ಇಲ್ಲಿ ಬಿಗಿ ಮಾಡ್ಬಿಟ್ಟಿದ್ದೀಯ ಕಣವ್ವ. ಹುಳ ಗೂಡು ಕಟ್ಟಕ್ಕೆ ಜಾಗ ಸಾಲ್ದು" ಅಂದಳು.

ನೋಡಿದರೆ ನಿಜ. ಚೆಂದ ಕಾಣಲಿ ಅಂತ ನಾನು ಅಲ್ಲಿ ಸುರುಳಿಯನ್ನು ಒತ್ತಾಗಿ ಎಳೆದಿದ್ದೆ. ಅವಳು ಊರಿಗೆ ಹೊರಡುವ ಮೊದಲು ಇಬ್ಬರೂ ಕೂತು ಆ ಪಟ್ಟಿಯನ್ನು ಬಿಚ್ಚಿದೆವು. ಈಗ ಎರಡು ಬೆರಳು ಸಂದಿ ಬಿಟ್ಟು ಮತ್ತೆ ಕೂರಿಸುತ್ತಿದ್ದೇನೆ. ಇನ್ನೂ ಮೂರು ಸುತ್ತು ಬಾಕಿ ಇದೆ.

ನಮಸ್ಕಾರ.