ಮಳೆಗೆ ನಮ್ಮ ದುಃಖ ಗೊತ್ತಾ?

ಕೇಳುಗರಿಗೆ ನಮಸ್ಕಾರ. ಕಥೆಯಲ್ಲಿ ಯಾರಾದ್ರೂ ತೀರಿಕೊಂಡ್ರೆ ಸಾಕು ಧೋ ಅಂತ ಮಳೆ ಶುರು, ಹುಡುಗ ಹುಡುಗಿ ಎದುರಾದ್ರೆ ತಂಗಾಳಿ, ಜಗಳ ಆದ್ರೆ ಗುಡುಗು. ತೀರ್ಥಹಳ್ಳಿ, ಹೊಸನಗರದ ಕಡೆ ಬೆಳೆದವರಿಗೆ ಇದನ್ನ ನಂಬೋದು ಸ್ವಲ್ಪ ಕಷ್ಟ ಕಣ್ರೀ, ಯಾಕಂದ್ರೆ ಜೂನ್ ಬಂದ್ರೆ ಇಲ್ಲಿ ಬಾಣಂತಿ ಮನೆಗೂ ಅದೇ ಮಳೆ, ಸಾವಿನ ಮನೆಗೂ ಅದೇ ಮಳೆ.

ಮನುಷ್ಯನ ಭಾವನೆಯನ್ನ ಮೋಡಕ್ಕೋ ಮರಕ್ಕೋ ಅಂಟಿಸೋದನ್ನ ಇಂಗ್ಲೆಂಡಿನ ಕಲಾ ವಿಮರ್ಶಕ ಜಾನ್ ರಸ್ಕಿನ್ 1856ರಲ್ಲಿ ಒಂದು ದೋಷ ಅಂತಲೇ ಹೆಸರಿಟ್ಟು ಕರೆದರು, ಭಾವನೆ ಉಕ್ಕಿದಾಗ ಹೊರಗಿನದೆಲ್ಲ ನಮಗೆ ಇದ್ದ ಹಾಗೆ ಕಾಣಲ್ಲ ಅಂತ ಅವರ ವಾದ. ಆದ್ರೆ ನಮ್ಮ ಕಾಳಿದಾಸನಿಗೆ ಇದು ಎಷ್ಟೋ ಶತಮಾನ ಮೊದಲೇ ಗೊತ್ತಿತ್ತು. ಮೇಘದೂತದಲ್ಲಿ ಯಕ್ಷ ಒಂದು ವರ್ಷದ ಶಾಪ ಹೊತ್ತು ರಾಮಗಿರಿಯಲ್ಲಿ ಒಬ್ಬನೇ ಇದ್ದು, ಆಷಾಢದ ಮೋಡ ಕಂಡು ಅಲಕಾಪುರಿಯ ಹೆಂಡ್ತಿಗೆ ಸುದ್ದಿ ಕಳಿಸ್ತಾನಲ್ಲ, ಅಲ್ಲಿ ಶುರುವಲ್ಲೇ ಕವಿ ಹೇಳಿಬಿಡ್ತಾನೆ, ಹೊಗೆ ಬೆಳಕು ನೀರು ಗಾಳಿ ಸೇರಿ ಆದ ಮೋಡ ಎಲ್ಲಿ, ಸುದ್ದಿ ಒಯ್ಯೋ ಕೆಲಸ ಎಲ್ಲಿ, ಪ್ರೀತಿಯಲ್ಲಿ ನೊಂದವನಿಗೆ ಜೀವ ಇರೋದು ಇಲ್ಲದ್ದು ಅನ್ನೋ ವ್ಯತ್ಯಾಸವೇ ತಿಳಿಯಲ್ಲ ಅಂತ. ಎಷ್ಟು ದೊಡ್ಡ ಮಾತು! ಮೋಡಕ್ಕೆ ಕಿವಿ ಇಲ್ಲ ಅಂತ ಕವಿಗೆ ಗೊತ್ತು, ಯಕ್ಷನಿಗೆ ಗೊತ್ತಿಲ್ಲ, ಅದಕ್ಕೇ ಓದೋವಾಗ ಕರುಳು ಚುರ್ ಅನ್ನುತ್ತೆ.

ಶಿಕಾರಿಪುರ ತಾಲೂಕಿನ ಉಡುತಡಿಯ ಅಕ್ಕಮಹಾದೇವಿಯೂ ಹಾಗೇ, ಗಿಳಿ ಕೋಗಿಲೆ ದುಂಬಿ ಹಂಸ ನವಿಲು ಎಲ್ಲವನ್ನೂ ಚೆನ್ನಮಲ್ಲಿಕಾರ್ಜುನನ್ನ ಕಂಡಿರಾ ಅಂತ ಕೇಳ್ತಾಳೆ. ಒಂದೂ ಉತ್ತರ ಕೊಡಲ್ಲ.

ಇನ್ನು ಕುವೆಂಪು ಅವರ ಮಲೆಗಳಲ್ಲಿ ಮದುಮಗಳು, 1967ರ ಕಾದಂಬರಿ. ಅದರಲ್ಲಿ ಕಾಡು, ಮಳೆ, ರಕ್ತ ಹೀರೋ ಇಂಬಳ ಎಲ್ಲ ಯಾರದೋ ಮನಸ್ಸಿನ ಕನ್ನಡಿ ಆಗಿ ಬರಲ್ಲ, ತಮ್ಮ ಪಾಡಿಗೆ ತಾವು ಇರುತ್ತವೆ, ಜನ ಅದರೊಳಗೆ ನಡೀತಾರೆ. ಅದರಲ್ಲಿ ಬರೋ ನಾಯಿಗುತ್ತಿ ಅನ್ನೋನ ನಾಯಿ, ಹುಲಿಯ ಅಂತ ಅದರ ಹೆಸರು, ತುಂಬಿ ಹರಿಯೋ ತುಂಗೆಯ ಪಾಲಾಗುತ್ತಲ್ಲ, ಅಲ್ಲಿ ನನ್ನನ್ನ ಅಲ್ಲಾಡಿಸೋದು ಹೊಳೆ ಅತ್ತಿತು ಅನ್ನೋದಲ್ಲ, ಹೊಳೆಗೆ ಆ ನಾಯಿಯ ಪರಿವೆಯೇ ಇಲ್ಲ ಅನ್ನೋದು. ಗುತ್ತಿಯ ಸಂಕಟ ಗುತ್ತಿಯದೇ. ಅದನ್ನ ಹಂಚಿಕೊಳ್ಳೋಕೆ ಪ್ರಕೃತಿ ಬರಲಿಲ್ಲ.

ಈಗ ಬರೆಯೋ ಹುಡುಗ ಹುಡುಗಿಯರಿಗೆ ನಾನು ಕೇಳಿಕೊಳ್ಳೋದು ಇಷ್ಟೇ, ಆಕಾಶ ಅಳೋ ಹಾಗೆ ಮಾಡಬೇಡಿ, ಅದನ್ನ ನೋಡ್ತಾ ಇರೋರನ್ನ ಬರೀರಿ. ಆಶ್ಲೇಷ ಮಳೆ ಬಿಡುವೇ ಕೊಡದೆ ಹೊಡೀತಾ ಇದೆ ಅಂದ್ಕೊಳ್ಳಿ, ಡೀಸಿ ರಜೆ ಕೊಟ್ರು ಅಂತ ಮಕ್ಕಳು ಕುಣೀತಾ ಇರ್ತಾರೆ, ಅದೇ ಮನೆಯ ಜಗಲಿಯಲ್ಲಿ ಯಜಮಾನರು ಅಡಿಕೆಗೆ ಎರಡನೇ ಸಲದ ಬೋರ್ಡೋ ಔಷಧಿ ಹೊಡೆಸೋಕೆ ಆಗ್ಲಿಲ್ಲವಲ್ಲ, ಕೊಳೆ ರೋಗ ಬಂದು ಎಳೆ ಅಡಿಕೆ ಉದುರ್ತಾ ಇದೆಯಲ್ಲ, ಸೊಸೈಟಿ ಸಾಲ ಹೇಗೆ ಅಂತ ಮಾತಿಲ್ಲದೆ ಕೂತಿರ್ತಾರೆ, ಒಳಗೆ ಅತ್ತಿಗೆ ಒಣಗದ ಬಟ್ಟೆಗಳನ್ನ ಬಚ್ಚಲ ಒಲೆ ಮೇಲೆ ಹರವ್ತಾ ತವರಿಗೆ ಹೋಗೋ ರಸ್ತೆ ಮೇಲೆ ನೀರು ಬಂತೇನೋ ಅಂತ ಯೋಚಿಸ್ತಾ ಇರ್ತಾರೆ. ಮಳೆ ಒಂದೇ, ಹನಿಯೂ ಬದಲಾಗಿಲ್ಲ.

ಹಾಗೇ ಇನ್ನೊಂದು, ಮಲೆನಾಡು ಅಂದ್ರೆ ಎಲ್ಲರೂ ಮಳೆಯನ್ನೇ ಬರೀತಾರೆ. ಏಪ್ರಿಲ್‌ನಲ್ಲಿ ಬಾವಿ ತಳ ಕಂಡು ತೋಟಕ್ಕೆ ನೀರಿಲ್ಲದಾಗ ಮನೆಯವರ ಮಾತು ಹೇಗೆ ಗಡಸಾಗುತ್ತೆ ಅನ್ನೋದನ್ನ ಬರೆದೋರು ಕಮ್ಮಿ, ಅದನ್ನೂ ಯಾರಾದ್ರೂ ಬರೀರಿ. ನಮಸ್ಕಾರ.